ಕಲ್ಲುಪುಡಿ ಗಾಳಿಯಲ್ಲಿರೋ ಕಾರ್ಬನ್ ಹೀರತ್ತಾ? ಹಸಿದ ಕಲ್ಲು ಮತ್ತು ಹೊಟ್ಟೆ ತುಂಬಿದ ಕಲ್ಲಿನ ಲೆಕ್ಕ

ಪ್ರಶ್ನೆ: ಸರ್, ಕಲ್ಲನ್ನ ನುಣ್ಣಗೆ ಪುಡಿ ಮಾಡಿ ಹೊಲಕ್ಕೆ ಹರಡಿದ್ರೆ ಅದು ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೀರ್ಕೊಳ್ಳತ್ತೆ ಅಂತ ಒಂದು ವಿಡಿಯೋ ನೋಡ್ದೆ. ಇನ್ನೊಂದ್ರಲ್ಲಿ ಸುಣ್ಣದಕಲ್ಲನ್ನ ಗೂಡಲ್ಲಿ ಸುಟ್ಟು ಅದ್ರಿಂದಲೇ ಗಾಳಿ ಕ್ಲೀನ್ ಮಾಡ್ತಾರೆ ಅಂದ್ರು. ಕಲ್ಲು ನಿಜವಾಗ್ಲೂ ಗಾಳಿ ಹೀರತ್ತಾ? ಹೀರೋದಾದ್ರೆ ಭೂಮಿ ತುಂಬಾ ಕಲ್ಲೇ ಇದೆಯಲ್ಲ, ಸಮಸ್ಯೆ ಯಾಕೆ ಹಾಗೇ ಇದೆ? ಯಾವ ಕಲ್ಲಾದ್ರೂ ನಡೆಯತ್ತಾ, ಕ್ರಷರ್ ಪುಡಿ ತಂದು ಹಾಕ್ಬಹುದಾ?

ಉತ್ತರ: ಹೀರತ್ತೆ, ಅದರಲ್ಲಿ ಅನುಮಾನ ಬೇಡ. ನಂಬಿಕೆ ಬರ್ಬೇಕು ಅಂದ್ರೆ ಒಂದು ಅಗಲವಾದ ತಟ್ಟೆಯಲ್ಲಿ ಸುಣ್ಣದ ತಿಳಿನೀರು ಹಾಕಿ ರಾತ್ರಿಯೆಲ್ಲಾ ಹಾಗೇ ಬಿಡಿ. ಬೆಳಿಗ್ಗೆ ನೀರಿನ ಮೇಲೆ ಗಾಜಿನ ಹಾಗೆ ತೆಳ್ಳಗೆ ಒಂದು ಬಿಳಿ ಪೊರೆ ಕಟ್ಟಿರತ್ತೆ, ಕಡ್ಡಿಯಿಂದ ಮುಟ್ಟಿದ್ರೆ ಚೂರುಚೂರಾಗಿ ಒಡೆದು ತಳಕ್ಕೆ ಹೋಗತ್ತೆ. ಆ ಪೊರೆ ಸುಣ್ಣದಕಲ್ಲೇ. ಕ್ಯಾಲ್ಸಿಯಂ ನೀರಲ್ಲಿತ್ತು, ಕಾರ್ಬನ್ ಡೈಆಕ್ಸೈಡ್ ಗಾಳಿಯಿಂದ ಬಂತು, ಎರಡೂ ಸೇರಿ ಒಂದೇ ರಾತ್ರಿಯಲ್ಲಿ ಕಲ್ಲಾಯ್ತು. ಸ್ಕೂಲಲ್ಲಿ ನಳಿಕೆಯಿಂದ ಊದಿದಾಗ ತಿಳಿನೀರು ಹಾಲಿನ ಹಾಗೆ ಆಗ್ತಿತ್ತಲ್ಲ, ಅದೂ ಇದೇ. ನಾನು ಲ್ಯಾಬಲ್ಲಿ ಹೊಸಬರಿಗೆ ಮೊದಲು ಮಾಡ್ಸೋದು ಇನ್ನೊಂದು ಸಣ್ಣ ಪ್ರಯೋಗ, ಅರಳಿದ ಸುಣ್ಣದ ಪುಡಿಯನ್ನ ಎರಡು ಟ್ರೇಯಲ್ಲಿ ತೆಳುವಾಗಿ ಹರಡಿ ತೂಕ ಬರೆದಿಟ್ಕೊಳ್ಳೋದು, ಒಂದಕ್ಕೆ ದಿನಾ ಸ್ವಲ್ಪ ನೀರು ಚಿಮುಕ್ಸಿ ಆಮೇಲೆ ಒಣಗಿಸಿ ತೂಗೋದು, ಇನ್ನೊಂದನ್ನ ಪೂರ್ತಿ ಒಣಗಾಳಿಯಲ್ಲಿ ಇಡೋದು. ಒಣ ಟ್ರೇ ಅಲುಗಾಡಲ್ಲ, ತೇವದ ಟ್ರೇ ತೂಕ ಏರ್ತಾ ಹೋಗತ್ತೆ. 74 ಗ್ರಾಂ ಅರಳಿದ ಸುಣ್ಣ ಪೂರ್ತಿ ಬದಲಾದ್ರೆ 100 ಗ್ರಾಂ ಆಗತ್ತೆ, ಕಣ್ಣಿಗೆ ಕಾಣದ ಗಾಳಿ ಗ್ರಾಂ ಲೆಕ್ಕದಲ್ಲಿ ತಕ್ಕಡಿ ಮೇಲೆ ಬಂದು ಕೂತಿರತ್ತೆ. ನೀರಿಲ್ದೆ ಈ ಕೆಲಸ ಹೆಚ್ಚುಕಮ್ಮಿ ನಡೆಯೋದೇ ಇಲ್ಲ ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಈಗ ಮುಖ್ಯ ವಿಷಯ. ಎಲ್ಲಾ ಕಲ್ಲೂ ಒಂದೇ ಅಲ್ಲ. ನಾನು ಇದನ್ನ ಹಸಿದ ಕಲ್ಲು, ಹೊಟ್ಟೆ ತುಂಬಿದ ಕಲ್ಲು ಅಂತ ಹೇಳ್ಕೊಡ್ತೀನಿ. ಸುಣ್ಣದಕಲ್ಲು ಹೊಟ್ಟೆ ತುಂಬಿದ ಕಲ್ಲು, ಅದರ 100 ಗ್ರಾಂನಲ್ಲಿ 44 ಗ್ರಾಂ ಆಗ್ಲೇ ಕಾರ್ಬನ್ ಡೈಆಕ್ಸೈಡೇ ಇದೆ. ಅದನ್ನ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ರೆ ಆ 44 ಗ್ರಾಂ ಹೊರಗೆ ಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯತ್ತೆ, ಈಗ ಅದಕ್ಕೆ ಹಸಿವು, ಗಾಳಿಗೆ ಇಟ್ರೆ ಮತ್ತೆ ಅದೇ 44 ಗ್ರಾಂ ಎಳ್ಕೊಳ್ಳತ್ತೆ. ನೀವು ನೋಡಿದ ಎರಡನೇ ವಿಡಿಯೋದ ಗುಟ್ಟು ಇಷ್ಟೇ. ಗೂಡಿಂದ ಹೊರಗೆ ಬಂದ 44 ಗ್ರಾಂ ಗಾಳಿಗೆ ಬಿಟ್ರೆ ಲಾಭ ಸೊನ್ನೆ, ಸುಡೋಕೆ ಹಾಕಿದ ಇಂಧನದ ಹೊಗೆ ಸೇರಿಸಿದ್ರೆ ನಷ್ಟ. ಗೂಡನ್ನ ಬಿಗಿಯಾಗಿ ಮುಚ್ಚಿ, ಕರೆಂಟಲ್ಲಿ ಕಾಯಿಸಿ, ಹೊರಬರೋ ಗ್ಯಾಸನ್ನ ಹಿಡಿದು ನೆಲದಾಳಕ್ಕೆ ಕಳಿಸಿದ್ರೆ ಮಾತ್ರ ಪ್ರತಿ ಸುತ್ತಲ್ಲೂ ಗಾಳಿಯಿಂದ ಸ್ವಲ್ಪ ಸ್ವಲ್ಪ ಇಳಿಯತ್ತೆ. ಅಮೆರಿಕದ ಏರ್‌ಲೂಮ್ ಅನ್ನೋ ಕಂಪನಿ ಮಾಡ್ತಿರೋದು ಇದನ್ನೇ, 2023ರಲ್ಲಿ ಕ್ಯಾಲಿಫೋರ್ನಿಯಾದ ಟ್ರೇಸಿ ಊರಲ್ಲಿ ಸುಣ್ಣದ ಪುಡಿಯ ಟ್ರೇಗಳನ್ನ ಎತ್ತರಕ್ಕೆ ಪೇರಿಸಿದ ಒಂದು ಘಟಕ ಶುರು ಮಾಡಿದ್ರು. ಅಲ್ಲಿ ಕಲ್ಲು ಅನ್ನೋದು ಬರೀ ಸ್ಪಂಜು, ಹೀರೋದು ಹಿಂಡೋದು, ಹೀರೋದು ಹಿಂಡೋದು. ಹಿಂಡಿದ್ದನ್ನ ಎಲ್ಲಿ ಸುರೀತಾರೆ ಅಂತ ಕೇಳದೆ ಇಂಥ ಯಾವ ಸುದ್ದಿಯನ್ನೂ ಒಪ್ಕೋಬೇಡಿ.

ನಿಜವಾದ ಹಸಿದ ಕಲ್ಲುಗಳು ಬೇರೆ ಇವೆ. ಭೂಮಿಯ ಆಳದ ಬಿಸಿಯಲ್ಲಿ ಹುಟ್ಟಿ ಮೇಲೆ ಬಂದ ಕಪ್ಪು, ಹಸಿರು ಕಲ್ಲುಗಳು, ಬಸಾಲ್ಟ್, ಪೆರಿಡೊಟೈಟ್, ಅದರೊಳಗಿರೋ ಆಲಿವೀನ್, ಆಲಿವೀನ್ ನೀರು ಕುಡಿದು ಆಗೋ ಸರ್ಪೆಂಟೀನ್. ಇವುಗಳಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಧಾರಾಳವಾಗಿದೆ, ಆದ್ರೆ ಕಾರ್ಬನ್ ಜೊತೆ ಅಲ್ಲ, ಸಿಲಿಕಾ (ಮರಳಲ್ಲಿರೋ ವಸ್ತು) ಜೊತೆ ಕಟ್ಟಿಹಾಕಿದೆ. ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡನ್ನ ಕರಗಿಸ್ಕೊಂಡು ಒಂದು ತೀರಾ ತೆಳು ಆಸಿಡ್ ಆಗತ್ತೆ, ಆ ಆಸಿಡ್ ಕಲ್ಲನ್ನ ನಿಧಾನಕ್ಕೆ ಕರಗಿಸತ್ತೆ, ಸಿಲಿಕಾ ಕೈಬಿಟ್ಟ ಮೆಗ್ನೀಸಿಯಂ, ಕ್ಯಾಲ್ಸಿಯಂ ಕಾರ್ಬನ್ ಕೈ ಹಿಡಿದು ಬೈಕಾರ್ಬೊನೇಟ್ ಆಗಿ ಹೊಳೆ ಸೇರಿ ಸಮುದ್ರಕ್ಕೆ ಹೋಗತ್ತೆ. ಅಲ್ಲಿ ಸಾವಿರಾರು ವರ್ಷ ಕರಗಿದ ರೂಪದಲ್ಲೇ ಇರತ್ತೆ, ಕೆಲವು ಚಿಪ್ಪು ಹವಳ ಆಗಿ ತಳಕ್ಕೆ ಇಳಿದು ಮುಂದೆ ಸುಣ್ಣದಕಲ್ಲಾಗತ್ತೆ. ಹೆರಾಲ್ಡ್ ಯೂರಿ ಅನ್ನೋ ನೊಬೆಲ್ ವಿಜ್ಞಾನಿ 1952ರಲ್ಲೇ ಈ ಕ್ರಿಯೆಯನ್ನ ಬರೆದಿಟ್ರು. ಭೂಮಿ ಶುಕ್ರಗ್ರಹದ ಹಾಗೆ ಕುಲುಮೆ ಆಗದೇ ಉಳಿದಿರೋದ್ರಲ್ಲಿ ಈ ಕಲ್ಲುಗಳ ಪಾತ್ರ ದೊಡ್ಡದು, ಕೋಟ್ಯಂತರ ವರ್ಷದಿಂದ ಜ್ವಾಲಾಮುಖಿ ಉಗುಳಿದ ಕಾರ್ಬನ್ನನ್ನ ವಾಪಸ್ ನೆಲಕ್ಕೆ ಇಳಿಸ್ತಾ ಬಂದಿರೋದು ಇವೇ.

ಹಾಗಾದ್ರೆ ಸಮಸ್ಯೆ ಯಾಕೆ ಹಾಗೇ ಇದೆ ಅಂದ್ರಲ್ಲ, ಉತ್ತರ ಒಂದೇ ಪದ, ವೇಗ. ಪ್ರಪಂಚದ ಎಲ್ಲಾ ಬಂಡೆಗಳೂ ಸೇರಿ ಹೀಗೆ ಸವೆದು ವರ್ಷಕ್ಕೆ ಹಿಡಿಯೋದು ಸುಮಾರು 100 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್. ನಾವು ಕಲ್ಲಿದ್ದಲು, ಪೆಟ್ರೋಲು, ಗ್ಯಾಸ್ ಸುಟ್ಟು ವರ್ಷಕ್ಕೆ ಬಿಡೋದು 3,700 ಕೋಟಿ ಟನ್ ಹತ್ರ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕೈಗಾರಿಕೆ ಶುರುವಾಗೋ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಭಾಗ ಇದ್ದಿದ್ದು ಈಗ 420 ದಾಟಿದೆ, ಬಂಡೆಗಳಿಗೆ ಬಿಟ್ರೆ ಇದನ್ನ ಸರಿ ಮಾಡೋಕೆ ಲಕ್ಷಾಂತರ ವರ್ಷ ತಗೊಳ್ತವೆ. ಅಷ್ಟು ಟೈಮು ನಮಗಾಗ್ಲಿ ನಮ್ಮ ಮೊಮ್ಮಕ್ಕಳಿಗಾಗ್ಲಿ ಇಲ್ಲ.

ವೇಗ ಜಾಸ್ತಿ ಮಾಡೋಕೆ ಮೊದಲ ಉಪಾಯ ಅರೆಯೋದು. ಕ್ರಿಯೆ ನಡೆಯೋದು ಕಲ್ಲಿನ ಮೈಮೇಲೆ ಮಾತ್ರ, ಒಳಗಿರೋದು ಕಾಯ್ತಾ ಇರತ್ತೆ. ಒಂದು ಸೆಂಟಿಮೀಟರ್ ಅಗಲ, ಉದ್ದ, ಎತ್ತರದ ಕಲ್ಲಿನ ತುಂಡು ತಗೊಳ್ಳಿ, ದಾಳದ ಥರ. ಆರು ಮುಖ, ಒಟ್ಟು ಆರು ಚದರ ಸೆಂಟಿಮೀಟರ್ ಮೈ. ಅದನ್ನೇ ಒಂದು ಸೆಂಟಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು ಸಣ್ಣ ದಾಳಗಳಾಗಿ ಅರೆದ್ರೆ ನೂರು ಕೋಟಿ ದಾಳ ಆಗತ್ತೆ, ಒಟ್ಟು ಮೈ 6,000 ಚದರ ಸೆಂಟಿಮೀಟರ್. ಕಲ್ಲು ಅಷ್ಟೇ, ಗಾಳಿ ನೀರಿಗೆ ತೆರೆದ ಮೈ ಸಾವಿರ ಪಟ್ಟು. ಆದ್ರೆ ನುಣ್ಣಗಾಗ್ತಾ ಹೋದ ಹಾಗೆ ಅರೆಯೋಕೆ ಬೇಕಾದ ಕರೆಂಟು ಗುಂಯ್ ಅಂತ ಏರತ್ತೆ, ಆ ಕರೆಂಟು ಕಲ್ಲಿದ್ದಲಿಂದ ಬಂದಿದ್ರೆ ಲಾಭದ ಒಂದು ಪಾಲು ಮಿಲ್ಲಲ್ಲೇ ಹೋಯ್ತು. ಇನ್ನೊಂದು ತೊಂದರೆ ಇದೆ, ಕಣದ ಮೇಲೆ ಕಾರ್ಬೊನೇಟೋ (ಕಾರ್ಬನ್ ಹಿಡಿದು ಆದ ಹೊಸ ಕಲ್ಲು) ಸಿಲಿಕಾನೋ ಒಂದು ತೊಗಟೆ ಕಟ್ಕೊಂಡು ಒಳಗಿನ ಕಲ್ಲನ್ನ ಮುಚ್ಚಿಬಿಡತ್ತೆ. ಸುಣ್ಣದ ಟ್ರೇಯಲ್ಲೂ ಇದನ್ನ ನೋಡ್ಬಹುದು, ಮೊದಮೊದಲು ಬೇಗ ಏರಿದ ತೂಕ ಆಮೇಲೆ ಆಮೆ ನಡಿಗೆ ಆಗತ್ತೆ, ಕೆದಕಿ ತಿರುವಿದ್ರೆ ಮತ್ತೆ ಏರತ್ತೆ.

ಎರಡನೇ ಅಡ್ಡಿ ಗಾಳಿಯೇ. 420 ಭಾಗ ಅಂದ್ರೆ ಒಂದು ಘನ ಮೀಟರ್ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರೋದು ಮುಕ್ಕಾಲು ಗ್ರಾಂ ಅಷ್ಟೇ. ಒಂದು ಟನ್ ಬೇಕು ಅಂದ್ರೆ ಹದಿಮೂರು ಲಕ್ಷ ಘನ ಮೀಟರ್ ಗಾಳಿಯಲ್ಲಿರೋದನ್ನ ಒಂದಿಷ್ಟೂ ಬಿಡದೆ ಹಿಡೀಬೇಕು. ಹೊಲದ ಐಡಿಯಾ ಬಂದಿದ್ದು ಇಲ್ಲಿಂದಾನೇ, ಯಾಕಂದ್ರೆ ಮಣ್ಣೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡ್ತಾ ಇರೋದ್ರಿಂದ ಅಲ್ಲಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿಗಿಂತ ಹತ್ತಾರು ಪಟ್ಟು ಜಾಸ್ತಿ, ಜೊತೆಗೆ ತೇವ ಇದೆ, ಬೇರು ಬಿಡೋ ಆಸಿಡ್ ಇದೆ, ಉಳುಮೆ ಮಾಡಿದಾಗ ಪುಡಿ ತಿರುವ್ಸಿದ ಹಾಗೂ ಆಗತ್ತೆ. ಇಷ್ಟೆಲ್ಲಾ ಪುಕ್ಕಟೆ ಸಿಗೋ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಬ್ರಿಟನ್ನಿನ ಶೆಫೀಲ್ಡ್ ಯೂನಿವರ್ಸಿಟಿಯ ಡೇವಿಡ್ ಬೀರ್ಲಿಂಗ್ ತಂಡ 2020ರಲ್ಲಿ ಲೆಕ್ಕ ಹಾಕಿ, ದೊಡ್ಡ ದೇಶಗಳ ಕೃಷಿಭೂಮಿಗೆ ಬಸಾಲ್ಟ್ ಪುಡಿ ಹಾಕಿದ್ರೆ ವರ್ಷಕ್ಕೆ 50 ಕೋಟಿಯಿಂದ 200 ಕೋಟಿ ಟನ್ ತನಕ ಹಿಡೀಬಹುದು ಅಂದ್ರು. ಆಮೇಲೆ ಅಮೆರಿಕದ ಇಲಿನಾಯ್ ರಾಜ್ಯದ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ನಾಲ್ಕು ವರ್ಷ ಹೆಕ್ಟೇರಿಗೆ ವರ್ಷಕ್ಕೆ 50 ಟನ್ ಹಾಕಿ ನೋಡಿದಾಗ ಇಳುವರಿ ಕೂಡ 12ರಿಂದ 16 ಪರ್ಸೆಂಟ್ ಜಾಸ್ತಿ ಬಂತು ಅಂತ 2024ರಲ್ಲಿ ಪ್ರಕಟ ಆಯ್ತು. ಹುಳಿ ಮಣ್ಣಿಗೆ ಸುಣ್ಣ ಹಾಕಿದಾಗ ಆಗೋ ಒಳ್ಳೇದೇ ಇಲ್ಲೂ ಆಗೋದು, ಜೊತೆಗೆ ಒಂದಿಷ್ಟು ಪೊಟ್ಯಾಶ್, ಸಿಲಿಕಾ. 2025ರ ಏಪ್ರಿಲ್‌ನಲ್ಲಿ ಎಕ್ಸ್‌ಪ್ರೈಜ್ ಕಾರ್ಬನ್ ರಿಮೂವಲ್ ಸ್ಪರ್ಧೆಯ 5 ಕೋಟಿ ಡಾಲರ್ ಮೊದಲ ಬಹುಮಾನ ಹೋಗಿದ್ದೂ ಸಣ್ಣ ರೈತರ ಹೊಲಕ್ಕೆ ಬಸಾಲ್ಟ್ ಪುಡಿ ಹಾಕೋ ಮಾಟಿ ಕಾರ್ಬನ್ ಅನ್ನೋ ಸಂಸ್ಥೆಗೆ.

ಆದ್ರೆ ಇಲ್ಲಿ ನನ್ನ ಕಳಕಳಿ ಹೇಳ್ಲೇಬೇಕು. ಹೊಲಕ್ಕೆ ಎಷ್ಟು ಟನ್ ಪುಡಿ ಹೋಯ್ತು ಅನ್ನೋದು ಲಾರಿ ಎಣಿಸಿದ್ರೆ ಗೊತ್ತಾಗತ್ತೆ, ಎಷ್ಟು ಕಾರ್ಬನ್ ಹಿಡೀತು ಅನ್ನೋದು ಹಾಗೆ ಗೊತ್ತಾಗಲ್ಲ. ಒಂದು ಟನ್ ಬಸಾಲ್ಟ್ ಪೂರ್ತಿ ಕರಗಿದ್ರೂ ಹಿಡಿಯೋದು ಸುಮಾರು 0.3 ಟನ್, ಅದೂ ವರ್ಷಗಟ್ಟಲೆ ಆದ್ಮೇಲೆ. ಮಣ್ಣಲ್ಲಿ ಯೂರಿಯಾ, ಅಮೋನಿಯಾ ಗೊಬ್ಬರದಿಂದ ನೈಟ್ರಿಕ್ ಆಸಿಡ್ ಹುಟ್ಟತ್ತೆ, ಕಲ್ಲನ್ನ ಆ ಆಸಿಡ್ಡೇ ಕರಗಿಸಿಬಿಟ್ರೆ ಕಲ್ಲು ಮುಗೀತು, ಆದ್ರೆ ಗಾಳಿಯಿಂದ ಕಾರ್ಬನ್ ಬಂದಿರಲ್ಲ. ಕರಗಿದ ಕ್ಯಾಲ್ಸಿಯಂ ಹೊಳೆ ತಲುಪದೆ ಜೇಡಿಮಣ್ಣಿಗೆ ಅಂಟ್ಕೊಂಡು ಕೂತ್ರೂ ಲೆಕ್ಕ ತಪ್ಪತ್ತೆ. ಅದಕ್ಕೇ ಒಳ್ಳೆ ತಂಡಗಳು ಪುಡಿ ಹಾಕದ ಪಕ್ಕದ ಹೊಲವನ್ನೂ ಇಟ್ಕೊಂಡು, ಎರಡೂ ಕಡೆ ಮಣ್ಣು ತೆಗೆದು, ಮಣ್ಣಿನ ಸಂದಿಯಲ್ಲಿರೋ ನೀರನ್ನ ಹೀರಿ ತೆಗೆದು, ಕ್ಯಾಲ್ಸಿಯಂ ಮೆಗ್ನೀಸಿಯಂ ಎಷ್ಟು ಕಳೆದುಹೋಗಿದೆ ಅಂತ ವರ್ಷಗಟ್ಟಲೆ ಅಳೀತಾರೆ. ಇಷ್ಟು ಮಾಡದೆ ಬರೀ ಲಾರಿ ಲೆಕ್ಕದ ಮೇಲೆ ಕಾರ್ಬನ್ ಕ್ರೆಡಿಟ್ (ಇಷ್ಟು ಕಾರ್ಬನ್ ಹಿಡಿದಿದೀವಿ ಅನ್ನೋ ಚೀಟಿ) ಮಾರೋದು ನನ್ನ ಪ್ರಕಾರ ತಪ್ಪು, ಯಾಕಂದ್ರೆ ಆ ಕ್ರೆಡಿಟ್ ತಗೊಂಡೋರು ಅಷ್ಟು ಹೊಗೆಯನ್ನ ನಿಜವಾಗ್ಲೂ ಬಿಡ್ತಾರೆ.

ಲೆಕ್ಕ ಗಟ್ಟಿಯಾಗಿ ಸಿಕ್ಕಿರೋ ಜಾಗ ಅಂದ್ರೆ ಐಸ್‌ಲ್ಯಾಂಡ್. ಅಲ್ಲಿ ಕಲ್ಲನ್ನ ಮೇಲೆ ತರಲಿಲ್ಲ, ಗ್ಯಾಸನ್ನೇ ಕಲ್ಲಿನ ಹತ್ರ ಕಳಿಸಿದ್ರು. ಹೆಲ್ಲಿಶೇಯ್ದಿ ಅನ್ನೋ ಭೂಶಾಖದ ವಿದ್ಯುತ್ ಸ್ಥಾವರದ ಹತ್ರ ಕಾರ್ಬ್‌ಫಿಕ್ಸ್ ಯೋಜನೆಯವರು 2012ರಲ್ಲಿ ಕಾರ್ಬನ್ ಡೈಆಕ್ಸೈಡನ್ನ ನೀರಲ್ಲಿ ಕರಗಿಸಿ, ಸೋಡಾ ಥರ ಮಾಡಿ, ನೂರಾರು ಮೀಟರ್ ಆಳದ ಬಸಾಲ್ಟ್ ಒಳಗೆ ಇಳಿಸಿದ್ರು. ಕಲ್ಲಾಗೋಕೆ ನೂರಾರು ವರ್ಷ ಬೇಕು ಅಂತ ಆಗ ಎಲ್ಲರ ಅಂದಾಜು. ಪಕ್ಕದಲ್ಲಿ ನೀರು ಪರೀಕ್ಷೆ ಮಾಡೋಕೆ ಕೊರೆದ ಬಾವಿಯ ಪಂಪು ಒಂದೂವರೆ ವರ್ಷ ಕಳೆದ ಮೇಲೆ ಕೆಟ್ಟು ನಿಂತಿತು, ಮೇಲೆ ಎತ್ತಿ ನೋಡಿದ್ರೆ ಪಂಪಿನ ತುಂಬಾ ಕ್ಯಾಲ್ಸೈಟ್, ಅಂದ್ರೆ ಸುಣ್ಣದಕಲ್ಲಿನ ಹರಳು ಕಟ್ಕೊಂಡಿತ್ತು. ಇಳಿಸಿದ ಗ್ಯಾಸಿಗೆ ಗುರುತಿಗೆ ಅಂತ ಕಾರ್ಬನ್-14 ಬೆರೆಸಿದ್ರಿಂದ ಆ ಹರಳಿನ ಕಾರ್ಬನ್ ತಾವು ಹಾಕಿದ್ದೇ ಅಂತ ಪಕ್ಕಾ ಆಯ್ತು. ಎರಡು ವರ್ಷದೊಳಗೆ 95 ಪರ್ಸೆಂಟಿಗಿಂತ ಜಾಸ್ತಿ ಕಲ್ಲಾಗಿದೆ ಅಂತ 2016ರಲ್ಲಿ ಪ್ರಕಟ ಮಾಡಿದ್ರು. ನಾನು ಆ ಪೇಪರ್ ಓದಿದ ದಿನ ಸಂತೋಷಕ್ಕೆ ಎರಡು ಸಲ ಓದಿದ್ದೆ. ಅದರ ಪಕ್ಕದಲ್ಲೇ ಗಾಳಿಯಿಂದ ನೇರವಾಗಿ ಹಿಡಿಯೋ ಯಂತ್ರಗಳು ಬಂದ್ವು, 2021ರಲ್ಲಿ ಓರ್ಕಾ, ವರ್ಷಕ್ಕೆ 4,000 ಟನ್ ಸಾಮರ್ಥ್ಯ ಅಂತ, 2024ರಲ್ಲಿ ಮ್ಯಾಮತ್, 36,000 ಟನ್ ಅಂತ. ಆದ್ರೆ ಅಲ್ಲಿ ಗಾಳಿಯಿಂದ ಹಿಡಿಯೋದು ಬೇರೆ ರಾಸಾಯನಿಕದ ಫಿಲ್ಟರು, ಕಲ್ಲಿನ ಕೆಲಸ ಹಿಡಿದಿದ್ದನ್ನ ಗಟ್ಟಿ ಮಾಡಿ ಇಟ್ಕೊಳ್ಳೋದು. ನೀರೂ ಬೇಕು, ಒಂದು ಟನ್ ಗ್ಯಾಸಿಗೆ 25 ಟನ್ ಆಸುಪಾಸು.

ಒಮಾನ್ ದೇಶದ ಬೆಟ್ಟಗಳ ಬಗ್ಗೆ ಹೇಳದೆ ಇರೋಕಾಗಲ್ಲ. ಸಾಮಾನ್ಯವಾಗಿ ಸಮುದ್ರದ ತಳಕ್ಕೂ ಕೆಳಗೆ ಕಿಲೋಮೀಟರ್‌ಗಟ್ಟಲೆ ಆಳದಲ್ಲಿರೋ ಪೆರಿಡೊಟೈಟ್ ಅಲ್ಲಿ ನೆಲದ ಮೇಲೇ ಬಂದು ಕೂತಿದೆ, ಭೂಫಲಕಗಳು ಡಿಕ್ಕಿ ಹೊಡೆದಾಗ ಮೇಲಕ್ಕೆ ತಳ್ಳಿದ್ದು. ಕಂದು ಬಂಡೆಯ ಬಿರುಕುಗಳಲ್ಲಿ ಬಿಳಿ ಕಾರ್ಬೊನೇಟ್ ಗೆರೆಗಳು ನರದ ಹಾಗೆ ಹರಡಿವೆ, ಪೀಟರ್ ಕೆಲೆಮನ್ ಮತ್ತು ಯುರ್ಗ್ ಮ್ಯಾಟರ್ ಅನ್ನೋ ವಿಜ್ಞಾನಿಗಳು 2008ರಲ್ಲಿ ಇದನ್ನ ಲೆಕ್ಕ ಹಾಕಿ ಈ ಕ್ರಿಯೆ ಈಗಲೂ ನಡೀತಿದೆ ಅಂತ ತೋರಿಸಿದ್ರು. ಅಲ್ಲಿನ ಕೆಲವು ಚಿಲುಮೆಗಳಲ್ಲಿ ಬಂಡೆಯೊಳಗಿಂದ ಬರೋ ನೀರು ಎಷ್ಟು ಕ್ಷಾರ ಅಂದ್ರೆ ಪಿಎಚ್ 11 ದಾಟತ್ತೆ, ಗಾಳಿಗೆ ಬಂದ ತಕ್ಷಣ ಆ ನೀರಿನ ಮೇಲೆ ತೆಳ್ಳನೆ ಬಿಳಿ ಪೊರೆ ಕಟ್ಟತ್ತೆ. ನಿಮ್ಮ ತಟ್ಟೆಯ ತಿಳಿನೀರಿನ ಮೇಲೆ ಕಟ್ಟಿದ್ದ ಅದೇ ಪೊರೆ.

ಗಣಿಗಳ ತ್ಯಾಜ್ಯ ಇನ್ನೊಂದು ದಾರಿ. ನಿಕಲ್ ಗಣಿಗಳಲ್ಲಿ ಅದಿರು ತೆಗೆಯೋಕೆ ಸರ್ಪೆಂಟೀನ್ ಕಲ್ಲನ್ನ ಹೇಗಿದ್ರೂ ಹಿಟ್ಟಿನ ಹಾಗೆ ಅರೆದಿರ್ತಾರೆ, ಅರೆಯೋ ಕರೆಂಟು ಆಗ್ಲೇ ಖರ್ಚಾಗಿರತ್ತೆ. ಪಶ್ಚಿಮ ಆಸ್ಟ್ರೇಲಿಯಾದ ಮೌಂಟ್ ಕೀತ್ ಗಣಿಯ ತ್ಯಾಜ್ಯದ ರಾಶಿ ಯಾರೂ ಏನೂ ಮಾಡದೇನೇ ವರ್ಷಕ್ಕೆ ಸುಮಾರು 40,000 ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಯಿಂದ ಎಳ್ಕೊಳ್ತಿದೆ ಅಂತ ಅಳೆದು ತೋರಿಸಿದಾರೆ, ಆ ಗಣಿ ತಾನೇ ಬಿಡೋ ಹೊಗೆಯ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಇಂಥ ರಾಶಿಗಳನ್ನ ತಿರುವಿ, ತೇವ ಸರಿಯಾಗಿ ಇಟ್ರೆ ಇನ್ನೂ ಬೇಗ ಆಗತ್ತೆ, ನನಗೆ ಇದು ತುಂಬಾ ನ್ಯಾಯವಾದ ಶುರುವಾತು ಅನ್ಸತ್ತೆ.

ನೀವು ಕೇಳಿದ ಗೂಡಿನ ವಿಷಯಕ್ಕೇ ಸೇರೋ ಹೊಸ ಕೆಲಸ ಒಂದಿದೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಮ್ಯಾಥ್ಯೂ ಕನನ್ ಮತ್ತು ಯುಕ್ಸುವಾನ್ ಚೆನ್ 2025ರಲ್ಲಿ ತೋರಿಸಿದ್ದು: ಸುಟ್ಟ ಸುಣ್ಣವನ್ನೂ ಮೆಗ್ನೀಸಿಯಂ ಸಿಲಿಕೇಟ್ ಕಲ್ಲನ್ನೂ (ಆಲಿವೀನ್ ಥರದ್ದು) ಸೇರಿಸಿ ಸಿಮೆಂಟ್ ಗೂಡಿನಂಥದ್ರಲ್ಲಿ ಕಾಯಿಸಿದ್ರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಗ ಬದಲಾಯಿಸ್ಕೊಳ್ತವೆ, ಕೊನೆಗೆ ಸಿಗೋದು ಮೆಗ್ನೀಸಿಯಂ ಆಕ್ಸೈಡ್ ಮತ್ತು ಕ್ಯಾಲ್ಸಿಯಂ ಸಿಲಿಕೇಟ್, ಎರಡೂ ಬೇಗ ಹಸಿಯೋವು. ನೀರು ಮತ್ತು ಶುದ್ಧ ಕಾರ್ಬನ್ ಡೈಆಕ್ಸೈಡ್ ಕೊಟ್ರೆ ಎರಡು ಗಂಟೆಯಲ್ಲಿ ಕಾರ್ಬೊನೇಟ್, ಒದ್ದೆ ಮಾಡಿ ಬರೀ ಗಾಳಿಗಿಟ್ರೆ ವಾರಗಳು, ತಿಂಗಳುಗಳು. ಸೊಗಸು ಇರೋದು ಲೆಕ್ಕದಲ್ಲಿ. ಸುಣ್ಣದಕಲ್ಲು ಸುಡುವಾಗ ಎರಡು ಪಾಲು ಕಾರ್ಬನ್ ಹೊರಗೆ ಹೋದ್ರೆ, ಆಮೇಲೆ ಈ ಎರಡು ವಸ್ತು ಸೇರಿ ಪೂರ್ತಿ ಕಾರ್ಬೊನೇಟ್ ಆಗುವಾಗ ನಾಲ್ಕು ಪಾಲು ವಾಪಸ್ ಬರತ್ತೆ. ಜಾಸ್ತಿ ಬಂದ ಎರಡು ಪಾಲು ಸಿಲಿಕೇಟ್ ಕಲ್ಲಿನ ಹಸಿವಿಂದ ಬಂದಿದ್ದು, ಸುಣ್ಣ ಬರೀ ದಲ್ಲಾಳಿ. ಗೂಡಿನ ಇಂಧನದ ಹೊಗೆ ಇದರಲ್ಲಿ ಕಳೀಬೇಕು, ಗೂಡಿಂದ ಬರೋದನ್ನೂ ಹಿಡಿದ್ರೆ ಲಾಭ ಇನ್ನೂ ಹೆಚ್ಚು.

ಇನ್ನು ಕ್ರಷರ್ ಪುಡಿ. ಯಾವ ಕಲ್ಲಿನ ಕ್ರಷರ್ ಅಂತ ಮೊದಲು ಕೇಳಿ. ಗ್ರಾನೈಟ್ ಪುಡಿ ಆದ್ರೆ ಈ ಕೆಲಸಕ್ಕೆ ತರ್ಬೇಡಿ, ಅದರಲ್ಲಿ ಬೆಣಚುಕಲ್ಲು ಜಾಸ್ತಿ, ಬೆಣಚಿಗೆ ಕಾರ್ಬನ್ ಹಸಿವೇ ಇಲ್ಲ, ಉಳಿದ ಫೆಲ್ಡ್‌ಸ್ಪಾರ್ ಕರಗೋದು ತೀರಾ ನಿಧಾನ, ಕ್ಯಾಲ್ಸಿಯಂ ಮೆಗ್ನೀಸಿಯಂ ಸೇರಿದ್ರೂ ಕೆಲವೇ ಪರ್ಸೆಂಟ್, ಮೇಲಿಂದ ಆ ಬೆಣಚಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಸಾಲ್ಟ್ ಆದ್ರೆ ಕ್ಯಾಲ್ಸಿಯಂ ಆಕ್ಸೈಡ್ ಹತ್ತು ಪರ್ಸೆಂಟ್ ಹತ್ರ, ಮೆಗ್ನೀಸಿಯಂ ಆಕ್ಸೈಡ್ ಐದರಿಂದ ಹತ್ತು ಇರತ್ತೆ, ಅದು ಸರಿ. ಆಲಿವೀನ್ ಕಾಗದದ ಮೇಲೆ ಬಸಾಲ್ಟಿಗಿಂತ ತುಂಬಾ ಒಳ್ಳೇದು, ಒಂದು ಟನ್ ಆಲಿವೀನ್ ಗಟ್ಟಿ ಕಾರ್ಬೊನೇಟ್ ಆದ್ರೆ 0.6 ಟನ್, ಕರಗಿ ಬೈಕಾರ್ಬೊನೇಟ್ ಆಗಿ ಹೋದ್ರೆ ಒಂದೂಕಾಲು ಟನ್ ತನಕ ಹಿಡಿಯತ್ತೆ. ಆದ್ರೆ ಆಲಿವೀನ್ ಇರೋ ಕಲ್ಲಲ್ಲಿ ನಿಕಲ್, ಕ್ರೋಮಿಯಂ ಜಾಸ್ತಿ, ಬೆಳೆ ಬೆಳೆಯೋ ಮಣ್ಣಿಗೆ ನಾನಂತೂ ಹಾಕಿ ಅನ್ನಲ್ಲ. ಸರ್ಪೆಂಟೀನಲ್ಲಿ ಕಲ್ನಾರು ಎಳೆ ಇರೋ ಸಾಧ್ಯತೆ ಇರೋದ್ರಿಂದ ಪರೀಕ್ಷೆ ಇಲ್ದೆ ಅರೆಯೋದೂ ಅಪಾಯ. ಕಲ್ಲು ಹಸಿದಿದೆಯಾ ಅಂತ ಒಂದು ಒರಟು ಪರೀಕ್ಷೆ ಇದೆ, ಪುಡಿ ಮೇಲೆ ಸ್ವಲ್ಪ ವಿನೆಗರ್ ಹಾಕಿ. ಬುಸ್ ಅಂತ ನೊರೆ ಬಂದ್ರೆ ಅದರಲ್ಲಿ ಕಾರ್ಬೊನೇಟ್ ಇದೆ, ಹೊಟ್ಟೆ ತುಂಬಿದ ಕಲ್ಲು. ನೊರೆ ಬರದಿದ್ರೆ ಹಸಿದಿರಬಹುದು ಅಥವಾ ಬೆಣಚಿನ ಹಾಗೆ ಹಸಿವೇ ಇಲ್ಲದ್ದೂ ಇರಬಹುದು, ಅದನ್ನ ಲ್ಯಾಬ್ ರಿಪೋರ್ಟೇ ಹೇಳ್ಬೇಕು. ಹಾಗಾಗಿ ಲಾರಿ ತರ್ಸೋ ಮುಂಚೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ನಿಕಲ್, ಕ್ರೋಮಿಯಂ ಎಷ್ಟಿದೆ, ಕಲ್ನಾರು ಎಳೆ ಇದೆಯಾ ಅನ್ನೋ ರಿಪೋರ್ಟ್ ಕೇಳಿ, ನಿಮ್ಮ ಮಣ್ಣಿನ ಪಿಎಚ್ ಕೂಡ ನೋಡ್ಸಿ. ಮಣ್ಣು ಹುಳಿ ಇದ್ರೆ ಬಸಾಲ್ಟ್ ಪುಡಿಯಿಂದ ಬೆಳೆಗೆ ಉಪಯೋಗ ಆಗೋ ಸಾಧ್ಯತೆ ಇದೆ, ಮೊದಲ ವರ್ಷ ಒಂದು ಸಣ್ಣ ಪಟ್ಟಿಗೆ ಮಾತ್ರ ಹಾಕಿ, ಪಕ್ಕದ ಪಟ್ಟಿ ಹಾಗೇ ಬಿಟ್ಟು ಎರಡನ್ನೂ ಹೋಲಿಸಿ ನೋಡಿ, ಧೂಳು ಏಳದ ಹಾಗೆ ಪುಡಿಯನ್ನ ಒದ್ದೆ ಮಾಡ್ಕೊಂಡು ಹರಡಿ, ಮುಖಕ್ಕೆ ಮಾಸ್ಕ್ ಇರಲಿ.